ಮಗಳಿಗೆ 14, ಮಗನಿಗೆ 9: ಇಬ್ಬರನ್ನೂ ರಾಫ್ಟಿಂಗ್‌ಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಸರ್, ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇವೆ. ಮಗಳಿಗೆ 14 ತುಂಬಿದೆ, ಮಗನಿಗೆ 9. ಇಬ್ಬರೂ ಸೊಸೈಟಿಯ ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾರೆ. ನನಗೆ ಈಜು ಬರುವುದಿಲ್ಲ. ನಮ್ಮವರು ಕುಮಟಾ ಕಡೆಯವರು, ಹೊಳೆಯಲ್ಲೇ ಈಜಿ ಬೆಳೆದವರು. "ನಾನಿದ್ದೇನಲ್ಲ, ಪುಟ್ಟನನ್ನು ನನ್ನ ಮುಂದೆ ಕೂರಿಸಿಕೊಳ್ಳುತ್ತೇನೆ" ಅಂತಾರೆ. ಆಗಸ್ಟ್ 15ರ ರಜೆಗೆ ರಾಯಗಡ ಜಿಲ್ಲೆಯ ಕೋಲಾಡ್‌ಗೆ ಹೋಗುವ ಯೋಚನೆ. ಫೋನ್ ಮಾಡಿ ಕೇಳಿದರೆ ಒಬ್ಬರು 14 ಆಗಲೇಬೇಕು ಅಂದರು, ಇನ್ನೊಬ್ಬರು "ವಯಸ್ಸು ಜಾಸ್ತಿ ಬರೆಸಿ, ಚಲ್ತಾ ಹೈ" ಅಂದರು. ಮಡಗಾಂವ್‌ನಲ್ಲಿರುವ ನನ್ನ ತಂಗಿ, ಇಲ್ಲಿಗೆ ಬಾ, ಮಹದಾಯಿಯಲ್ಲಿ ಸುಲಭ ಅಂತಾಳೆ. ದಾಂಡೇಲಿಯ ಮಾತೂ ಬಂತು. ಯಾವುದು ಸರಿ? ಮಗನನ್ನು ಬಿಟ್ಟು ಹೋದರೆ ಅವನು ಮನೆ ತಲೆ ಮೇಲೆ ಹೊರುತ್ತಾನೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮಗಳನ್ನು ಕರೆದುಕೊಂಡು ಹೋಗಿ. ಮಗನನ್ನು ಈ ಸಲ ರಾಪಿಡ್‌ಗಳಿರುವ, ಅಂದರೆ ನೀರು ಕಲ್ಲುಗಳ ನಡುವೆ ರಭಸವಾಗಿ ನೊರೆಯೆದ್ದು ಹರಿಯುವ ಭಾಗಕ್ಕೆ ಇಳಿಸಬೇಡಿ. ಆಗಸ್ಟ್ 15 ಬಿಟ್ಟು ದೀಪಾವಳಿ ರಜೆಗೆ ಇಟ್ಟುಕೊಳ್ಳಿ. ವಯಸ್ಸು ಜಾಸ್ತಿ ಬರೆಸಿ ಅಂದವರಿಗೆ ಮತ್ತೆ ಫೋನ್ ಮಾಡಬೇಡಿ.

ನಾನು ಪುಣೆಯಲ್ಲಿದ್ದು ಮಕ್ಕಳ ಸಾಹಸ ಶಿಬಿರಗಳನ್ನು ನಡೆಸುತ್ತೇನೆ, ರಾಫ್ಟ್ ಗೈಡ್‌ಗಳಿಗೆ ನೀರಿನ ರಕ್ಷಣೆಯ ತರಬೇತಿಯನ್ನೂ ಕೊಡುತ್ತೇನೆ. ನಿಮ್ಮಂಥ ಪ್ರಶ್ನೆ ಪ್ರತಿ ಮಳೆಗಾಲ ಬರುತ್ತದೆ. ಎಲ್ಲರ ಮನಸ್ಸಿನಲ್ಲಿ ಇರುವುದು ಒಂದೇ: 14 ಅನ್ನುವುದು ಸುಮ್ನೆ ಒಂದು ನಿಯಮ, ಹುಡುಗ ಧೈರ್ಯವಂತನಾಗಿದ್ದರೆ, ಈಜು ಬಂದರೆ, ಅಪ್ಪ ಪಕ್ಕದಲ್ಲಿದ್ದರೆ ನಡೆಯುತ್ತದೆ ಅಂತ. ಈ ಮೂರೂ ಸರಿಯಲ್ಲ. ವಯಸ್ಸಿನ ಮಿತಿಗೂ ಧೈರ್ಯಕ್ಕೂ ಸಂಬಂಧವೇ ಇಲ್ಲ. ಅದು ದೇಹದ ಅಳತೆಯ ವಿಷಯ.

ರಾಫ್ಟ್ ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿ, ಅದರಲ್ಲಿ ಕೂರುವುದು ಹೇಗೆ ಅಂತ ನೋಡಿ. ದೋಣಿಯ ಒಳಗೆ ಕೂರುವುದಿಲ್ಲ, ಅಂಚಿನ ದಪ್ಪ ಟ್ಯೂಬಿನ ಮೇಲೆ ಕೂರುತ್ತಾರೆ. ಬೀಳದಂತೆ ಹಿಡಿಯುವುದು ಕಾಲು. ಒಂದು ಪಾದವನ್ನು ಮುಂದಿನ ಅಡ್ಡ ಟ್ಯೂಬಿನ ಕೆಳಗೆ ತುರುಕಿ, ಇನ್ನೊಂದನ್ನು ತಳಕ್ಕೆ ಒತ್ತಿ ಹಿಡಿಯಬೇಕು. ಎರಡೂ ಕೈ ಪ್ಯಾಡಲ್, ಅಂದರೆ ಹುಟ್ಟಿನ ಮೇಲೆ ಇರುತ್ತವೆ. ಆ ಅಂಚು ದೊಡ್ಡವರ ಮೊಣಕಾಲಿನ ಎತ್ತರಕ್ಕೆ ಬರುತ್ತದೆ. 9 ವರ್ಷದ ಮಗು ಅಲ್ಲಿ ಕೂತರೆ ಕಾಲು ತಳ ಮುಟ್ಟುವುದಿಲ್ಲ, ಗಾಳಿಯಲ್ಲಿ ತೂಗಾಡುತ್ತದೆ. ರಾಫ್ಟ್ ಅಲೆಗೆ ಹತ್ತಿ ಇಳಿಯುವಾಗ ಬಸ್ಸಿನ ಕೊನೆಯ ಸೀಟು ಸ್ಪೀಡ್ ಬ್ರೇಕರ್ ಮೇಲೆ ಎಗರಿದ ಹಾಗೆ ಎಗರುತ್ತದೆ. ಕಾಲಿಗೆ ಆಧಾರ ಇಲ್ಲದ ಹುಡುಗ ಅಲ್ಲೇ ನೀರಿಗೆ ಬೀಳುತ್ತಾನೆ, ಅವನು ಎಷ್ಟು ಧೈರ್ಯವಂತ ಅಂತ ಟ್ಯೂಬಿಗೆ ಗೊತ್ತಾಗುವುದಿಲ್ಲ.

ಎರಡನೆಯದು ಲೈಫ್ ಜಾಕೆಟ್. ಜಾಕೆಟ್ ಇದ್ದರೆ ಮುಳುಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಸರಿಯಾದ ಅಳತೆಯ ಜಾಕೆಟ್ ಬಿಗಿಯಾಗಿದ್ದರೆ ಮಾತ್ರ ಅದು ಮುಖವನ್ನು ಮೇಲಿಡುತ್ತದೆ. ಬಾಡಿಗೆಗೆ ಬರುವ ಜಾಕೆಟ್‌ಗಳು ಬಹುಪಾಲು ದೊಡ್ಡವರ ಅಳತೆಯವು. ಸಣ್ಣ ಮಗುವಿಗೆ ಹಾಕಿ ಪಟ್ಟಿ ಎಳೆದು ಕಟ್ಟಿದರೆ ದಡದಲ್ಲಿ ಚೆನ್ನಾಗಿಯೇ ಕಾಣುತ್ತದೆ. ನೀರಿಗೆ ಬಿದ್ದ ತಕ್ಷಣ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗೆ ಕೆಳಗೆ ಜಾರುತ್ತದೆ, ಕಿವಿಯವರೆಗೆ ಜಾಕೆಟ್ ಬಂದು ಬಾಯಿ ಮುಚ್ಚುತ್ತದೆ. ಇದನ್ನು ದಡದಲ್ಲೇ ಪರೀಕ್ಷೆ ಮಾಡಬಹುದು. ಎಲ್ಲ ಬಕಲ್ ಹಾಕಿ, ಪಕ್ಕದ ಪಟ್ಟಿಗಳನ್ನು ಬಿಗಿ ಮಾಡಿ, ಮಗುವಿನ ಎದುರು ನಿಂತು ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲೆತ್ತಿ. ಮಗು ಜಾಕೆಟ್ ಜೊತೆಗೇ ಮೇಲೆ ಬಂದರೆ ಸರಿ. ಜಾಕೆಟ್ ಮಾತ್ರ ಗಲ್ಲ ದಾಟಿ ಮೇಲೆ ಬಂದರೆ ಆ ಜಾಕೆಟ್ ನಿಮ್ಮ ಮಗುವಿಗಲ್ಲ. ಬೇರೆ ಇಲ್ಲ ಅಂದರೆ ಆ ದಿನ ರಾಫ್ಟಿಂಗ್ ಇಲ್ಲ. ಮಗಳಿಗೂ ಇದೇ ಪರೀಕ್ಷೆ ಮಾಡಿ, 14 ಆದ ಮಾತ್ರಕ್ಕೆ ಎಲ್ಲರೂ ಒಂದೇ ಮೈಕಟ್ಟಿನವರಾಗಿರುವುದಿಲ್ಲ, ಅಲ್ವಾ?

ಇನ್ನು ಈಜಿನ ವಿಷಯ. ಈಜುಕೊಳದ ಈಜು ಒಳ್ಳೆಯದೇ, ನೀರಿನ ಭಯ ಕಡಿಮೆ ಮಾಡುತ್ತದೆ. ಆದರೆ ಹರಿಯುವ ನೀರಿನಲ್ಲಿ ಅದರ ಬಳಕೆ ತುಂಬಾ ಕಡಿಮೆ. ರಾಪಿಡ್‌ನಲ್ಲಿ ನೀರು ಬೆಳ್ಳಗೆ ಕಾಣುವುದೇ ಗಾಳಿ ಬೆರೆತಿರುವುದರಿಂದ. ಆ ನೊರೆನೀರು ನಮ್ಮನ್ನು ಮಾಮೂಲಿ ನೀರಿನಷ್ಟು ಎತ್ತಿ ಹಿಡಿಯುವುದಿಲ್ಲ, ಕೈ ಬೀಸಿದರೆ ಹಿಡಿತವೂ ಸಿಗುವುದಿಲ್ಲ. ಅಲ್ಲಿ ಮಾಡಬೇಕಾದ್ದು ಈಜು ಕಲಿತವರಿಗೆ ವಿಚಿತ್ರ ಅನಿಸುತ್ತದೆ: ಅಂಗಾತ ಮಲಗಬೇಕು, ಕಾಲು ಹರಿವಿನ ದಿಕ್ಕಿಗೆ, ಕಾಲಿನ ಬೆರಳು ನೀರಿನ ಮೇಲೆ ಕಾಣುವ ಹಾಗೆ. ಅಲೆ ಮುಖದ ಮೇಲೆ ಬಂದಾಗ ಉಸಿರು ಬಿಗಿ ಹಿಡಿದು, ದಾಟಿದ ಮೇಲೆ ಎಳೆದುಕೊಳ್ಳಬೇಕು. ಯಾವ ಕಾರಣಕ್ಕೂ ಎದ್ದು ನಿಲ್ಲಬಾರದು. ಸೊಂಟದಷ್ಟು ನೀರಿದೆ ಅಂತ ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೀರು ತಳ್ಳಿ ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ, ಮೊಣಕಾಲಿನಷ್ಟೇ ನೀರಿದ್ದರೂ ಮುಖ ಮುಳುಗುತ್ತದೆ. ನದಿಯಲ್ಲಿ ಬಲಶಾಲಿಗಳನ್ನೂ ಬಿಡದ ಅಪಾಯ ಇದು. ಇದಕ್ಕೆ ಈಜು ಬೇಕಿಲ್ಲ, ಹೇಳಿದ್ದನ್ನು ಗಾಬರಿಯಲ್ಲೂ ನೆನಪಿಟ್ಟು ಮಾಡುವ ಶಕ್ತಿ ಬೇಕು. ನಿಮಗೆ ಈಜು ಬರದಿದ್ದರೂ ಬರಬಹುದು ಅಂತ ನಾನು ಹೇಳುವುದು ಇದಕ್ಕೇ. 9 ವರ್ಷದ ಮಗು ಬೆಳಗ್ಗೆ ಕೇಳಿದ ಪಾಠವನ್ನು ತಣ್ಣನೆಯ ನೀರಿಗೆ ದಿಢೀರಂತ ಬಿದ್ದಾಗ ನೆನಪಿಟ್ಟುಕೊಳ್ಳುತ್ತದೆ ಅಂತ ನಿರೀಕ್ಷೆ ಮಾಡುವುದು ತಪ್ಪು.

ನಿಮ್ಮ ಯಜಮಾನರಿಗೆ ಒಂದು ಮಾತು. ಹೊಳೆ ದಂಡೆಯಲ್ಲಿ ಬೆಳೆದವರ ನೀರಿನ ಅನುಭವ ದೊಡ್ಡದು, ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಕರಾವಳಿಯ ಅಗಲವಾದ, ನಿಧಾನವಾಗಿ ಹರಿಯುವ ಹೊಳೆಯ ಗುಣ ಬೇರೆ, ಘಟ್ಟದಿಂದ ಈಗಷ್ಟೇ ಇಳಿದ ಕಲ್ಲಿನ ನದಿಯ ಗುಣ ಬೇರೆ. ಮಗುವನ್ನು ಮುಂದೆ ಕೂರಿಸಿಕೊಂಡು ಹಿಡಿದುಕೊಳ್ಳುವುದು ಪ್ರೀತಿಯಿಂದ ಮಾಡುವ ಕೆಲಸ, ಆದರೆ ತುಂಬಾ ಅಪಾಯ. ಅಪ್ಪನ ಎರಡೂ ಕೈ ಮಗುವಿನ ಮೇಲಿದ್ದರೆ ಅವರಿಗೇ ಹಿಡಿತ ಇರುವುದಿಲ್ಲ, ಬಿದ್ದರೆ ಇಬ್ಬರೂ ಒಟ್ಟಿಗೆ ಬೀಳುತ್ತಾರೆ, ದೊಡ್ಡವರ ತೂಕ ಮಗುವಿನ ಮೇಲೆ. ನೀರಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡವರನ್ನು ಎಳೆದು ತೆಗೆಯುವುದು ಗೈಡ್‌ಗೂ ಕಷ್ಟ. ಅದೂ ಅಲ್ಲದೆ ರಾಫ್ಟ್ ಮುಂದೆ ಹೋಗುವುದು ಕೂತವರು ಪ್ಯಾಡಲ್ ಹಾಕುವುದರಿಂದ. ಗೈಡ್ "ಫಾರ್ವರ್ಡ್" ಅಂತ ಕೂಗಿದಾಗ ಒಬ್ಬ ಗಟ್ಟಿ ಆಳು ಮಗುವನ್ನು ಹಿಡಿದು ಕೂತಿದ್ದರೆ ಎಲ್ಲರಿಗೂ ತೊಂದರೆ.

ಈಗ ನದಿಗೆ ಬರೋಣ. ರಾಪಿಡ್‌ಗಳನ್ನು 1ರಿಂದ 6ರವರೆಗೆ ಗ್ರೇಡ್ ಮಾಡುತ್ತಾರೆ. 1 ಅಂದರೆ ಸುಮ್ಮನೆ ಹರಿಯುವ ನೀರು. 2ರಲ್ಲಿ ಸಣ್ಣ ಅಲೆ, ದಾರಿ ಸ್ಪಷ್ಟ. 3ರಲ್ಲಿ ಅಲೆ ದೊಡ್ಡದು, ಒಂದೇ ಸಮ ಇರುವುದಿಲ್ಲ, ರಾಫ್ಟನ್ನು ತಿರುಗಿಸಬೇಕಾಗುತ್ತದೆ, ಯಾರಾದರೂ ಬೀಳುವ ಸಾಧ್ಯತೆ ನಿಜಕ್ಕೂ ಇರುತ್ತದೆ. ಕೋಲಾಡ್ ಹತ್ತಿರದ ಕುಂಡಲಿಕಾದಲ್ಲಿ ಇರುವುದು 2 ಮತ್ತು 3. ಮೊದಲ ಸಲ ಹೋಗುವ ದೊಡ್ಡವರಿಗೆ, 14 ದಾಟಿದ ಮಕ್ಕಳಿಗೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ನದಿ ಇಲ್ಲ ಅಂತಲೇ ನಾನು ಹೇಳುತ್ತೇನೆ.

ಅದಕ್ಕೆ ಕಾರಣ ಇದೆ. ಕುಂಡಲಿಕಾದಲ್ಲಿ ರಾಫ್ಟಿಂಗ್ ನಡೆಯುವುದು ಮಳೆಯ ಮೇಲಲ್ಲ, ಕರೆಂಟಿನ ಮೇಲೆ. ಘಟ್ಟದ ಮೇಲೆ ಪುಣೆ ಜಿಲ್ಲೆಯಲ್ಲಿ ಮುಳಶಿ ಅಣೆಕಟ್ಟು ಇದೆ. ಆ ನೀರು ಘಟ್ಟದಿಂದ ಪೈಪಿನಲ್ಲಿ ಕೆಳಗಿಳಿದು ಭಿರಾದ ಟಾಟಾ ವಿದ್ಯುತ್ ಕೇಂದ್ರದಲ್ಲಿ ಟರ್ಬೈನ್ ತಿರುಗಿಸಿ ಕುಂಡಲಿಕಾಗೆ ಸೇರುತ್ತದೆ. ಬೆಳಗ್ಗೆ ನೀರು ಬಿಡುತ್ತಾರೆ, ಆ ಹೊತ್ತಿನಲ್ಲಿ ಸುಮಾರು 12 ಕಿ.ಮೀ. ರಾಫ್ಟ್‌ಗಳು ಹೋಗುತ್ತವೆ. ಹಾಗಾಗಿ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ನೀರು ಎಷ್ಟು ಬರುತ್ತದೆ ಅಂತ ಗೈಡ್‌ಗೆ ಮೊದಲೇ ಅಂದಾಜು ಇರುತ್ತದೆ, ಯಾವ ಕಲ್ಲು ಎಲ್ಲಿ ಅಂತ ಅವರಿಗೆ ಬಾಯಿಪಾಠ. ಮಕ್ಕಳ ಜೊತೆ ಹೋಗುವಾಗ ನಮಗೆ ಬೇಕಾದ್ದು ಇದೇ.

ಆಗಸ್ಟ್‌ನಲ್ಲಿ ಈ ಲೆಕ್ಕ ಉಳಿಯುವುದಿಲ್ಲ. ವಿದ್ಯುತ್ ಕೇಂದ್ರದ ನೀರಿನ ಮೇಲೆ ಮಳೆಯ ನೀರು, ಎರಡೂ ಬದಿಯ ಹಳ್ಳಗಳ ನೀರು, ತೇಲಿ ಬರುವ ಮರದ ಕೊಂಬೆ. ನೀರು ಕೆಂಪಾಗಿ ಕಲ್ಲು ಕಾಣುವುದಿಲ್ಲ. ಅಡ್ಡ ಬಿದ್ದ ಮರದ ನಡುವೆ ನೀರು ಸೋಸಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಅನುಭವ ಇರುವವರು ಮಳೆಗಾಲದ ಕುಂಡಲಿಕಾಗಾಗಿಯೇ ಕಾಯುತ್ತಾರೆ, ಅದು ಬೇರೆ ಮಾತು. ಅದರ ಜೊತೆಗೆ 15ರ ರಜೆ ಅಂದರೆ ಮುಂಬೈ, ಪುಣೆಯ ಅರ್ಧ ಜನ ಅಲ್ಲೇ ಇರುತ್ತಾರೆ. ನೀರು ಬಿಡುವ ಹೊತ್ತು ಇಷ್ಟೇ, ಜನ ಅಷ್ಟು. ಆಗ ಮೊದಲು ಕಡಿಮೆಯಾಗುವುದು ದಡದ ಮೇಲಿನ ಪಾಠ. ಇಪ್ಪತ್ತು ನಿಮಿಷ ಹೇಳಬೇಕಾದ್ದನ್ನು ಐದು ನಿಮಿಷದಲ್ಲಿ ಮುಗಿಸುತ್ತಾರೆ.

ತಂಗಿ ಹೇಳಿದ ಮಹದಾಯಿ ಚೆಂದದ ನದಿ. ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗುವ ನದಿ, ಸತ್ತರಿ ತಾಲೂಕಿನ ವಾಳಪೈ ಕಡೆ ಕಾಡಿನ ನಡುವೆ ರಾಫ್ಟಿಂಗ್. ಅಲ್ಲಿಯೂ 2-3 ಗ್ರೇಡ್. ಆದರೆ ಅದು ಮಳೆಯ ನದಿ, ಜೂನ್‌ನಿಂದ ಸೆಪ್ಟೆಂಬರ್ ಆಸುಪಾಸು ಮಾತ್ರ ನಡೆಯುತ್ತದೆ, ರಾತ್ರಿ ಘಟ್ಟದಲ್ಲಿ ಮಳೆ ಸುರಿದರೆ ಬೆಳಗ್ಗೆ ನದಿಯೇ ಬೇರೆ. ಸುಲಭ ಅನ್ನುವುದು ಆ ದಿನದ ನೀರನ್ನು ನೋಡಿ ಹೇಳುವ ಮಾತು, ನದಿಯ ಹೆಸರು ನೋಡಿ ಅಲ್ಲ. ಮಗಳು ಒಂದು ಸಲ ಕುಂಡಲಿಕಾ ಮಾಡಿದ ಮೇಲೆ, ಮುಂದಿನ ವರ್ಷ ಚಿಕ್ಕಮ್ಮನ ಮನೆಗೆ ಹೋದಾಗ ಮಹದಾಯಿ ಮಾಡಲಿ.

ದಾಂಡೇಲಿಗೆ ಬಂದರೆ, ಕಾಳಿ ನದಿಯಲ್ಲಿ ಸೂಪಾ ಅಣೆಕಟ್ಟಿನ ಕೆಳಗೆ ಗಣೇಶಗುಡಿ ಹತ್ತಿರ ರಾಫ್ಟಿಂಗ್ ಇದೆ. ಅದೂ ಅಣೆಕಟ್ಟಿನ ನೀರೇ. ಅಲ್ಲಿ ಕಡಿಮೆ ದೂರದ ಸುಲಭ ರಾಫ್ಟಿಂಗ್ ಕೂಡ ಸಿಗುತ್ತದೆ. ನೀವು ಹೇಗೂ ಕುಮಟಾಕ್ಕೆ ಊರಿಗೆ ಹೋಗುವವರಾದ್ದರಿಂದ ಆ ದಾರಿಯಲ್ಲಿ ಸೇರಿಸಿಕೊಳ್ಳಬಹುದು. ರಾಫ್ಟಿಂಗ್‌ಗಾಗಿಯೇ ಮುಂಬೈಯಿಂದ ಅಷ್ಟು ದೂರ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ದಾಂಡೇಲಿ ಊರಿನ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ, ಮಕ್ಕಳನ್ನು ಕಂಡ ಕಂಡ ದಡಕ್ಕೆ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ವಿಷಯವನ್ನು ಯಾರೂ ಕೇಳುವುದೇ ಇಲ್ಲ. ಇಂಥ ಪ್ರವಾಸದಲ್ಲಿ ನನಗೆ ಹೆಚ್ಚು ಚಿಂತೆಯಾಗುವುದು ರಾಫ್ಟ್‌ನಲ್ಲಿ ಕೂತವರ ಬಗ್ಗೆ ಅಲ್ಲ, ದಡದಲ್ಲಿ ಆಡುವವರ ಬಗ್ಗೆ. ರಾಫ್ಟ್‌ನಲ್ಲಿ ಜಾಕೆಟ್ ಇರುತ್ತದೆ, ಹೆಲ್ಮೆಟ್ ಇರುತ್ತದೆ, ಗೈಡ್ ಇರುತ್ತಾನೆ. ನೀರು ಬಿಡುವ ಮುಂಚೆ ಕುಂಡಲಿಕಾದ ಹಾಸು ನೋಡಿದರೆ ಬಂಡೆಗಳು, ನಡುವೆ ಪಾದ ಮುಳುಗುವಷ್ಟು ನೀರು, ಮಕ್ಕಳಿಗೆ ಸ್ವರ್ಗ. ಅಪ್ಪ-ಅಮ್ಮ ಫೋಟೋ ತೆಗೆಯುತ್ತಿರುತ್ತಾರೆ, ಮಕ್ಕಳು ಬಂಡೆಯಿಂದ ಬಂಡೆಗೆ ಹಾರುತ್ತಾ ನಡು ಹೊಳೆಗೆ ಹೋಗಿರುತ್ತಾರೆ. ಮೇಲೆ ನೀರು ಬಿಟ್ಟ ಮೇಲೆ ಅದು ಸದ್ದಿಲ್ಲದೆ ಏರುತ್ತದೆ, ದಡಕ್ಕೂ ಬಂಡೆಗೂ ನಡುವಿನ ಜಾಗ ಮೊದಲು ತುಂಬುತ್ತದೆ. ನೋಡುನೋಡುತ್ತಿದ್ದಂತೆ ಮಗು ದ್ವೀಪದ ಮೇಲೆ. ಹಾಗಾಗಿ ಮಗ ದಡದಲ್ಲಿ ಉಳಿಯುತ್ತಾನೆ ಅಂದರೆ ಅವನ ಜೊತೆ ಒಬ್ಬ ದೊಡ್ಡವರು ಇರಲೇಬೇಕು, ಮೊಬೈಲ್ ಕೈಯಲ್ಲಿಲ್ಲದೆ. ಊಟದ ನಂತರ "ಸ್ವಲ್ಪ ಕಾಲು ಅದ್ದಿ ಬರೋಣ" ಅನ್ನುವಾಗಲೂ ಅಷ್ಟೇ.

ಮಗನಿಗೆ ಏನು? ಅವನಿಗೂ ನೀರಿದೆ. ರಾಪಿಡ್‌ಗಳು ಮುಗಿದ ಮೇಲೆ ನದಿ ಅಗಲವಾಗಿ ಶಾಂತವಾಗುತ್ತದೆ, ಆ ಭಾಗದಲ್ಲಿ ಕಯಾಕ್ (ಪ್ಯಾಡಲ್ ಹಾಕಿ ನಡೆಸುವ ಸಣ್ಣ, ಕಿರಿದಾದ ದೋಣಿ), ಬೋಟ್ ಹೊಡೆಸುವವರು ಇದ್ದಾರೆ. ಇಬ್ಬರು ಕೂರುವ ಕಯಾಕ್‌ನಲ್ಲಿ ಅಪ್ಪನ ಮುಂದೆ ಕೂತು ಅವನೇ ಪ್ಯಾಡಲ್ ಹಾಕಲಿ, ಅಳತೆಯ ಜಾಕೆಟ್ ಇದ್ದರೆ ಮಾತ್ರ. ನನ್ನ ಸಲಹೆ ಹೀಗೆ: ಬೆಳಗ್ಗೆ ಯಜಮಾನರು ಮಗನ ಜೊತೆ ಶಾಂತ ನೀರಿನಲ್ಲಿ, ನೀವು ಮಗಳ ಜೊತೆ ರಾಫ್ಟ್‌ನಲ್ಲಿ. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. ಈಜು ಬರದ ಅಮ್ಮಂದಿರು ದಡದಲ್ಲಿ ಬ್ಯಾಗ್ ಕಾಯುತ್ತಾ ಕೂರುವುದನ್ನು ನೋಡಿ ನೋಡಿ ನನಗೆ ಬೇಸರವಾಗಿದೆ, ಗೈಡ್ ಮಾತನ್ನು ಚಾಚೂ ತಪ್ಪದೆ ಕೇಳುವವರು ಅವರೇ. ಯಜಮಾನರು ಮರುದಿನ ಹೋಗಲಿ.

ಮಗನಿಗೆ "ನೀನು ಚಿಕ್ಕವನು" ಅನ್ನಬೇಡಿ, ಸಿಟ್ಟಾಗುತ್ತಾನೆ. "ಈ ರಾಫ್ಟ್ ನಿನ್ನ ಅಳತೆಯದಲ್ಲ, ಕಾಲು ತಳಕ್ಕೆ ಮುಟ್ಟಬೇಕು" ಅಂತ ಹೇಳಿ. ಅದು ನಿಜವೂ ಹೌದು. ದಡದಲ್ಲಿ ನಿಂತ ಒಂದು ರಾಫ್ಟ್ ಮೇಲೆ ಕೂರಿಸಿ ಅವನೇ ನೋಡಲಿ. ಮಕ್ಕಳು ಅಳತೆಯ ಮಾತನ್ನು ನಮಗಿಂತ ಬೇಗ ಒಪ್ಪುತ್ತಾರೆ.

ವಯಸ್ಸು ಸುಳ್ಳು ಬರೆಸುವುದರ ಬಗ್ಗೆ ಇನ್ನೊಂದು ಮಾತು. ಏನಾದರೂ ಆದರೆ, ಫಾರಂ ಮೇಲೆ ಸಹಿ ನಿಮ್ಮದು, ಸುಳ್ಳೂ ನಿಮ್ಮದೇ ಆಗುತ್ತದೆ. ವಿಮೆಯವರು ಮೊದಲು ಹಿಡಿಯುವುದೇ ಅದನ್ನು. ಹಲವು ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇರುವುದೂ ಇಲ್ಲ, ಮನೆಯಲ್ಲಿರುವ ಪಾಲಿಸಿ ತೆಗೆದು ಓದಿ ನೋಡಿ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ ನೀತಿ ತಂದು ನೋಂದಣಿ ಕಡ್ಡಾಯ ಮಾಡಿದೆ, ಬುಕ್ ಮಾಡುವ ಮುಂಚೆ ಆ ನೋಂದಣಿ ಪತ್ರ ಕಳಿಸಿ ಅಂತ ಕೇಳಿ. ಜೊತೆಗೆ ಕೇಳಬೇಕಾದ್ದು: ಪ್ರತಿ ರಾಫ್ಟ್‌ನಲ್ಲಿ ತರಬೇತಿ ಪಡೆದ ಗೈಡ್ ಇರುತ್ತಾನಾ, ಬಿದ್ದವರನ್ನು ಹಿಡಿಯಲು ರಕ್ಷಣೆಯ ಕಯಾಕ್ ಜೊತೆಗೆ ಬರುತ್ತದಾ, ಎಸೆಯುವ ಹಗ್ಗದ ಚೀಲ ಇದೆಯಾ, ಮಗಳ ತೂಕ ಹೇಳಿ ಆ ಅಳತೆಯ ಜಾಕೆಟ್ ಇದೆಯಾ. ನೀರು ಜಾಸ್ತಿಯಾಗಿ ರದ್ದಾದರೆ ದುಡ್ಡು ವಾಪಸ್ ಕೊಡುತ್ತೀರಾ ಅಂತಲೂ ಕೇಳಿ. ದುಡ್ಡು ವಾಪಸ್ ಕೊಡದವರು ಆ ದಿನ ರದ್ದು ಮಾಡಲು ಹಿಂದೆ ಮುಂದೆ ನೋಡುತ್ತಾರೆ, ನೀವೂ ಬೇಡ ಅನ್ನಲು ಹಿಂದೆ ಮುಂದೆ ನೋಡುತ್ತೀರಿ.

ಹೊರಡುವ ಮುಂಚಿನ ವಾರ ಮನೆಯಲ್ಲೇ ಒಂದು ಅಭ್ಯಾಸ ಮಾಡಿ. ಸೋಫಾದ ಕೈ ಮೇಲೆ ಕೂತು, ಕೈಯಲ್ಲಿ ಉದ್ದ ಪೊರಕೆ ಹಿಡಿದು, "ಫಾರ್ವರ್ಡ್, ಬ್ಯಾಕ್, ಸ್ಟಾಪ್, ಗೆಟ್ ಡೌನ್". ಕೊನೆಯದಕ್ಕೆ ಒಳಗೆ ಕುಸಿದು ಕೂತು ಅಂಚಿನ ಹಗ್ಗ ಹಿಡಿಯಬೇಕು. ಇಲ್ಲಿ ಒಂದು ಸಣ್ಣ ವಿಷಯ ಇದೆ, ಗಮನ ಕೊಡಿ. ಪ್ಯಾಡಲ್‌ನ ಮೇಲ್ತುದಿಯಲ್ಲಿ ಅಡ್ಡ ಹಿಡಿ ಇರುತ್ತದೆ. ಒಂದು ಕೈ ಯಾವಾಗಲೂ ಅದನ್ನು ಮುಚ್ಚಿ ಹಿಡಿದಿರಬೇಕು. ಕೈ ಬಿಟ್ಟರೆ ಆ ಗಟ್ಟಿ ತುದಿ ಎಗರಿ ಪಕ್ಕದವರ ಬಾಯಿಗೆ ಬಡಿಯುತ್ತದೆ. ನಾನು ಕಂಡ ಗಾಯಗಳಲ್ಲಿ ಒಡೆದ ತುಟಿ, ಮುರಿದ ಹಲ್ಲೇ ಜಾಸ್ತಿ, ಅದಕ್ಕೆ ನದಿಯಲ್ಲ, ಪಕ್ಕದವರ ಪ್ಯಾಡಲ್ ಕಾರಣ. ಎಸೆದ ಹಗ್ಗ ಸಿಕ್ಕರೆ ಕೈಗೆ ಸುತ್ತಿಕೊಳ್ಳಬಾರದು, ಎದೆಯ ಹತ್ತಿರ ಹಿಡಿದು ಅಂಗಾತ ಮಲಗಬೇಕು. ಇದನ್ನೂ ಮಗಳಿಗೆ ತೋರಿಸಿ.

ಬಟ್ಟೆ ವಿಷಯದಲ್ಲಿ ಜೀನ್ಸ್, ಕಾಟನ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಆಟದ ಬಟ್ಟೆ ಸಾಕು. ಚಪ್ಪಲಿ ಹಿಮ್ಮಡಿಗೆ ಪಟ್ಟಿ ಇರುವಂಥದ್ದು. ಕನ್ನಡಕಕ್ಕೆ ದಾರ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತ ನಮ್ಮಲ್ಲಿ ಹೇಳುತ್ತಾರೆ, ಮಕ್ಕಳ ವಿಷಯದಲ್ಲಿ ಮಾತ್ರ ಅದನ್ನು ನಂಬಬೇಡಿ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ಜಾಸ್ತಿ, ಹಾಗಾಗಿ ಮೈ ಬೇಗ ತಣ್ಣಗಾಗುತ್ತದೆ. ಮುಗಿದ ಕೂಡಲೇ ಒಣ ಬಟ್ಟೆ, ಬಿಸಿ ಏನಾದರೂ ಕುಡಿಯಲು. ಮಾತಾಡುತ್ತಿದ್ದ ಮಗು ಸುಮ್ಮನಾದರೆ, ತುಟಿ ನೀಲಿಯಾದರೆ ಫೋಟೋ ಆಮೇಲೆ. ಮನೆಯಲ್ಲಿ ಯಾರಿಗಾದರೂ ಅಪಸ್ಮಾರ, ಹೃದಯದ ತೊಂದರೆ, ಈಚೆಗಿನ ಆಪರೇಷನ್ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಬೇಡವೇ ಬೇಡ. ಅಸ್ತಮಾ ಇದ್ದರೆ ಡಾಕ್ಟರನ್ನು ಕೇಳಿ, ಇನ್‌ಹೇಲರನ್ನು ಗೈಡ್‌ನ ನೀರು ಹೋಗದ ಚೀಲದಲ್ಲಿ ಇಡಿ.

ಡೊಂಬಿವಲಿಯಿಂದ ಪನ್ವೇಲ್, ಪೇಣ್, ನಾಗೋಠಾಣೆ ಮೇಲೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಬೆಳಗಿನ ಜಾವ ಎದ್ದು ಕಾರಿನಲ್ಲಿ ವಾಂತಿ ಮಾಡಿಕೊಂಡು ಬಂದ ಮಗುವಿಗೆ ಗೈಡ್ ಮಾತು ಕಿವಿಗೆ ಬೀಳುವುದಿಲ್ಲ. ರಾಫ್ಟಿಂಗ್ ಶುರುವಾಗುವುದು ಕೋಲಾಡ್ ಪೇಟೆಯಲ್ಲಲ್ಲ, ಭಿರಾ ಕಡೆ ಒಳಗೆ, ರೂಮ್ ಬುಕ್ ಮಾಡುವಾಗ ನೋಡಿಕೊಳ್ಳಿ. ರಜೆಯಲ್ಲೂ ಶನಿವಾರ, ಭಾನುವಾರ ಬಿಟ್ಟು ವಾರದ ನಡುವಿನ ದಿನ ಆರಿಸಿ. ಕೆಲವೊಮ್ಮೆ ವಿದ್ಯುತ್ ಕೇಂದ್ರದ ರಿಪೇರಿ ಕೆಲಸಕ್ಕೆ ನೀರು ನಿಲ್ಲಿಸುತ್ತಾರೆ, ಹಾಗಾಗಿ ಹೊರಡುವ ಹಿಂದಿನ ಸಂಜೆ ನಾಳೆ ನೀರು ಇದೆಯಾ ಅಂತ ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಮನೆಗೆ ಬಂದು ಎರಡು-ಮೂರು ವಾರದೊಳಗೆ ಯಾರಿಗಾದರೂ ಜೋರು ಜ್ವರ, ಮೈಕೈ ನೋವು, ಕಣ್ಣು ಕೆಂಪಾದರೆ ಡಾಕ್ಟರಿಗೆ "ನದಿ ನೀರಿಗೆ ಇಳಿದಿದ್ದೆವು" ಅಂತ ಹೇಳಲು ಮರೆಯಬೇಡಿ. ಇಂಥ ನೀರಿನಿಂದ ಇಲಿಜ್ವರ ಗಾಯದ ಮೂಲಕವೂ ಬರುತ್ತದೆ, ಮುಂಬೈ, ಕೊಂಕಣ, ಗೋವಾದಲ್ಲಿ ಮಳೆಗಾಲದಲ್ಲಿ ಅದು ಹೊಸದಲ್ಲ, ಬೇಗ ಗೊತ್ತಾದರೆ ಔಷಧಿ ಸುಲಭ. ಕಾಲಿಗೆ ಗಾಯ ಇದ್ದವರು ಆ ಸಲ ನೀರಿಗೆ ಇಳಿಯುವುದೇ ಬೇಡ.